ಅಣು ಸ್ಥಾವರದ ಅಹವಾಲು ಸಭೆಗೆ ಹೋಗುವ ಮುನ್ನ

ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳು ನಾನು. ಅಣು ವಿದ್ಯುತ್ ಬೇಕು ಎಂದೇ ನಂಬಿದ್ದೇನೆ. ಆದರೂ ಉತ್ತರ ಕನ್ನಡದ ಕೈಗಾ ಅಣು ಸ್ಥಾವರದ 5 ಮತ್ತು 6ನೇ ಘಟಕಗಳಿಗಾಗಿ, ಪರಿಸರ ಅನುಮತಿಗೆ ಮುನ್ನ ಜನರ ಮಾತು ಕೇಳುವ ಅಹವಾಲು ಸಭೆ 2018ರ ಡಿಸೆಂಬರ್‌ನಲ್ಲಿ ಮಲ್ಲಾಪುರದಲ್ಲಿ ನಡೆದಾಗ ಪ್ರಶ್ನೆಗಳ ಹಾಳೆ ಹಿಡಿದೇ ಹೋಗಿದ್ದೆ. ತಲಾ 700 ಮೆಗಾವ್ಯಾಟ್‌ನ ಎರಡು ರಿಯಾಕ್ಟರ್‌ಗಳು ಕಾಳಿ ನದಿಯ ದಂಡೆಗೆ ಬರುವಾಗ ದಂಡೆಯವರು ಕೇಳದೆ ಇನ್ಯಾರು ಕೇಳಬೇಕು?

ಯಾರನ್ನು ಏನು ಕೇಳಬೇಕೆಂದು ಮೊದಲು ತಿಳಿದುಕೊಳ್ಳಿ. ರಿಯಾಕ್ಟರ್ ಕೇಂದ್ರ ಸರ್ಕಾರದ ವಿಷಯ. ನೆಲ, ನೀರು, ಜನರ ರಕ್ಷಣೆ ರಾಜ್ಯದ ಕೈಯಲ್ಲಿವೆ. ಕೈಗಾ ಸ್ಥಾವರ ಬಳಸುವ ಕದ್ರಾ ಜಲಾಶಯ ರಾಜ್ಯದ ವಿದ್ಯುತ್ ನಿಗಮದ್ದು. ಸ್ಥಾವರದ ಸುತ್ತ 16 ಕಿ.ಮೀ.ವರೆಗಿನ ತುರ್ತು ಯೋಜನೆ ಜಿಲ್ಲಾಡಳಿತದ ಹೊಣೆ.

ಪರಿಸರ ಪರಿಣಾಮದ ಅಧ್ಯಯನ ಕುರಿತ ಕೇಂದ್ರ ಸರ್ಕಾರದ 2006ರ ಅಧಿಸೂಚನೆಯಂತೆ ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕಂಡ ದಿನವೇ ಜಿಲ್ಲಾಧಿಕಾರಿ ಕಚೇರಿಗೋ ಜಿಲ್ಲಾ ಪಂಚಾಯಿತಿಗೋ ಹೋಗಿ ಪರಿಸರ ಪರಿಣಾಮದ ಕರಡು ವರದಿ ಕೇಳಿ. ಕನ್ನಡದ ಸಾರಾಂಶಕ್ಕೆ ತೃಪ್ತರಾಗಬೇಡಿ. ಎಷ್ಟು ನೀರು ಎತ್ತುತ್ತಾರೆ, ಬಿಸಿನೀರನ್ನು ಎಲ್ಲಿಗೆ ಬಿಡುತ್ತಾರೆ, ಎಷ್ಟು ಮರ ಕಡಿಯುತ್ತಾರೆ ಎಂಬುದನ್ನು ಪೂರ್ಣ ವರದಿಯಲ್ಲಿ ಹುಡುಕಿ ಪುಟಸಂಖ್ಯೆ ಬರೆದುಕೊಳ್ಳಿ. ಇಂಗ್ಲಿಷ್ ತೊಡಕಾದರೆ ಊರಿನ ಕಾಲೇಜು ಮಕ್ಕಳನ್ನು ಕೂರಿಸಿಕೊಳ್ಳಿ. ನಾನು ಹಾಗೆಯೇ ಮಾಡಿಸಿದೆ.

"ವಿಕಿರಣದಿಂದ ಅಪಾಯವಿಲ್ಲವೇ?" ಎಂದು ಕೇಳಿದರೆ "ಇಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಯುತ್ತದೆ. "ಮಳೆಗಾಲದಲ್ಲಿ ರಸ್ತೆ ಮುಳುಗಿರುವಾಗ ಊರು ಬಿಡಬೇಕಾಗಿ ಬಂದರೆ ಯಾವ ದಾರಿ, ಎಷ್ಟು ಬಸ್, ಉಳಿಯಲು ಯಾವ ಶಾಲೆ?" ಎಂದು ಕೇಳಿ. 2019ರ ಆಗಸ್ಟ್‌ನ ನೆರೆಯಲ್ಲಿ ಕಾಳಿ ನೀರು ಮನೆಗಳಿಗೆ ನುಗ್ಗಿದ್ದನ್ನು ಕಂಡಮೇಲಂತೂ ಇದಕ್ಕಿಂತ ದೊಡ್ಡ ಪ್ರಶ್ನೆ ನನಗೆ ಬೇರೆ ಕಾಣುತ್ತಿಲ್ಲ.

ಅಹವಾಲನ್ನು ಲಿಖಿತವಾಗಿಯೂ ಕೊಡಿ. ಎರಡು ಪ್ರತಿ ಮಾಡಿ, ಒಂದನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಿ, ಇನ್ನೊಂದರ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾತಿನ ಸರದಿ ಬಂದಾಗ ಹೆಸರು, ಊರು ಹೇಳಿ ನೇರವಾಗಿ ಪ್ರಶ್ನೆಗೆ ಬನ್ನಿ.

ಮಾತಾಡಿ ಮುಗಿಯಿತೆಂದು ಮನೆಗೆ ಹೊರಡಬೇಡಿ. ಕೊನೆಯಲ್ಲಿ ನಡಾವಳಿಯ ಸಾರಾಂಶವನ್ನು ಕನ್ನಡದಲ್ಲಿ ಓದಿಹೇಳಬೇಕು, ಅದೇ ದಿನ ಸಹಿಯಾಗಬೇಕು. ದೆಹಲಿಯ ಪರಿಸರ ಸಚಿವಾಲಯ ತಲುಪುವುದು ಆ ಹಾಳೆ ಮತ್ತು ಸಭೆಯ ವಿಡಿಯೊ. ನಿಮ್ಮ ಪ್ರಶ್ನೆ ಅದರಲ್ಲಿ ಕೇಳಿಸದಿದ್ದರೆ, ಸಹಿ ಬೀಳುವ ಮೊದಲೇ ಎದ್ದುನಿಂತು ಸೇರಿಸಲು ಹೇಳಿ.