‘ವಿಂಡಿಕೇಟ್’ ಪದವನ್ನು ಎಲ್ಲಿ, ಹೇಗೆ ಬಳಸಬೇಕು

ಇಲಾಖಾ ವಿಚಾರಣೆಯಲ್ಲಿ ಆರೋಪಮುಕ್ತರಾದ ನೌಕರರು, ಮೊಕದ್ದಮೆಯಲ್ಲಿ ಖುಲಾಸೆಯಾದವರು, ಯಾರೂ ನಂಬದಿದ್ದ ಕಾಲದಲ್ಲಿ ಹೇಳಿದ ಮಾತು ಮುಂದೆ ನಿಜವಾದವರು, ಈ ಮೂರೂ ಬಗೆಯ ಜನ ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ‘ವಿಂಡಿಕೇಟೆಡ್’ (ಸರಿಯೆಂದು ಸಾಬೀತಾದ) ಎಂಬ ಒಂದೇ ಪದವನ್ನು ಬಳಸಿಬಿಡುವುದುಂಟು. ಮೈಸೂರು, ಮಂಡ್ಯದ ಕಚೇರಿಗಳಿಗೆ ಇಂಗ್ಲಿಷಿನಲ್ಲಿ ಮನವಿ ಬರೆಯುವವರೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರೂ ಈ ಪದದ ವ್ಯಾಪ್ತಿಯನ್ನು ಸರಿಯಾಗಿ ತಿಳಿದಿರಬೇಕು, ಏಕೆಂದರೆ ಇಲ್ಲಿ ಪದ ತಪ್ಪಿದರೆ ಒಬ್ಬರ ಮರ್ಯಾದೆಯ ಕುರಿತು ಬರೆದ ವಾಕ್ಯವೇ ಸುಳ್ಳಾಗುತ್ತದೆ.

ಬರೆಯುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಆ ವ್ಯಕ್ತಿಯ ಎದುರಿಗೆ ಇದ್ದದ್ದು ಆರೋಪವೋ, ಅಪನಂಬಿಕೆಯೋ? ಅದನ್ನು ತೊಡೆದುಹಾಕಿದ್ದು ಒಬ್ಬ ಅಧಿಕಾರಿಯ ಆದೇಶವೋ, ಹೊರಬಂದ ಸತ್ಯವೋ? ಆರೋಪವಿದ್ದು ಆದೇಶದಿಂದ ಅದು ಹೋಗಿದ್ದರೆ ಬೇರೆ ಪದಗಳಿವೆ. ಅಪನಂಬಿಕೆ, ಟೀಕೆ ಅಥವಾ ಅನುಮಾನವಿದ್ದು, ಆಮೇಲೆ ನಡೆದ ಸಂಗತಿಯೋ ದೊರೆತ ಸಾಕ್ಷ್ಯವೋ ಆ ವ್ಯಕ್ತಿಯೇ ಸರಿಯೆಂದು ತೋರಿಸಿದ್ದರೆ, ಅದು ವಿಂಡಿಕೇಟ್ ಪದದ ನಿಜವಾದ ಜಾಗ. ಆರೋಪ ಹೊತ್ತವರಿಗೂ ಇದನ್ನು ಬಳಸಬಹುದು, ಆದರೆ ಅವರ ನಿರ್ದೋಷಿತ್ವ ಪುರಾವೆಯಿಂದ ಸ್ಪಷ್ಟವಾಗಿರಬೇಕು.

ನಮ್ಮ ಸೀಮೆಯಲ್ಲೇ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದಾಗ ಮದರಾಸು ಸರ್ಕಾರದ ಆಕ್ಷೇಪಣೆಯಿಂದಾಗಿ ಮೈಸೂರಿಗೆ ಕಡಿಮೆ ಎತ್ತರದ ಅಣೆಕಟ್ಟೆಗೆ ಮಾತ್ರ ಒಪ್ಪಿಗೆ ದೊರೆತಿತ್ತು. ಆದರೂ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಪೂರ್ಣ ಎತ್ತರದ ಕಟ್ಟೆಯನ್ನೇ ಮುಂದಿಟ್ಟುಕೊಂಡು ಅದಕ್ಕೆ ತಕ್ಕಷ್ಟು ಅಗಲವಾದ ತಳಪಾಯವನ್ನು ಹಾಕಲಾಯಿತು. 1924ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವಾಗಿ, ಇಂದು ಮಂಡ್ಯದ ಪ್ರತಿ ರೈತನ ಬಾಯಲ್ಲಿರುವ 124 ಅಡಿಯ ಮಟ್ಟಕ್ಕೆ ದಾರಿಯಾಯಿತು. ಇದನ್ನು ‘ದಿ ಅಗ್ರಿಮೆಂಟ್ ಆಫ್ 1924 ವಿಂಡಿಕೇಟೆಡ್ ದಟ್ ಡಿಸಿಷನ್’ ಎಂದು ಬರೆಯಬಹುದು. ಇಲ್ಲಿ ಯಾರ ಮೇಲೂ ದೋಷಾರೋಪಣೆ ಇರಲಿಲ್ಲ, ಆದ್ದರಿಂದ ‘ಎಕ್ಸಾನರೇಟ್’ (ಆರೋಪದಿಂದ ಮುಕ್ತಗೊಳಿಸು) ಹೊಂದುವುದಿಲ್ಲ, ‘ಅಕ್ವಿಟ್’ (ನ್ಯಾಯಾಲಯ ಖುಲಾಸೆ ಮಾಡು) ಅಂತೂ ಅಸಂಬದ್ಧವೇ ಆಗುತ್ತದೆ. ಮೊದಲು ಸಂಶಯಕ್ಕೆ ಎಡೆಯಿದ್ದ ನಿರ್ಧಾರವೊಂದನ್ನು ಕಾಲವೇ ಎತ್ತಿಹಿಡಿಯಿತು ಎಂಬ ಪೂರ್ಣ ಅರ್ಥ ವಿಂಡಿಕೇಟ್ ಒಂದರಲ್ಲೇ ಅಡಗಿದೆ.

ಈ ವಾಕ್ಯದ ರಚನೆಯನ್ನೂ ಗಮನಿಸಿ. ಕ್ರಿಯೆಯನ್ನು ಮಾಡುವುದು ಒಪ್ಪಂದ, ಫಲಿತಾಂಶ, ವರದಿ ಅಥವಾ ಕಾಲ. ಅದರ ಫಲವನ್ನು ಪಡೆಯುವುದು ವ್ಯಕ್ತಿ, ಅಭಿಪ್ರಾಯ ಅಥವಾ ನಿರ್ಧಾರ. ನಿಮ್ಮ ಮಾತು ನಿಜವಾಯಿತೆಂದು ಹೇಳಲು ‘ಐ ವಿಂಡಿಕೇಟೆಡ್’ ಎಂದು ನಿಲ್ಲಿಸಿದರೆ ವಾಕ್ಯ ಅಪೂರ್ಣವಾಗುತ್ತದೆ. ‘ಐ ವಾಸ್ ವಿಂಡಿಕೇಟೆಡ್ ಬೈ ದಿ ಆಡಿಟ್ ರಿಪೋರ್ಟ್’ ಎನ್ನಬೇಕು. ಕನ್ನಡಿಗರು ಎಡವುವುದು ಹೆಚ್ಚಾಗಿ ಇದರ ಮುಂದಿನ ಹೆಜ್ಜೆಯಲ್ಲಿ. ನಾವು ‘ಆರೋಪದಿಂದ ಮುಕ್ತ’ ಎನ್ನುವುದರಿಂದ ಆ ‘ಇಂದ’ ಪ್ರತ್ಯಯ ಇಂಗ್ಲಿಷಿಗೆ ಹೋದಾಗ ‘ಫ್ರಮ್’ ಆಗಿಬಿಡುತ್ತದೆ. ‘ಅಕ್ವಿಟೆಡ್’ ಆದಮೇಲೆ ಆರೋಪವನ್ನು ಹೇಳಬೇಕಾದರೆ ‘ಆಫ್’ ಬರಬೇಕು, ‘ಕ್ಲಿಯರ್ಡ್’ ಆದಮೇಲೂ ಹಾಗೆಯೇ. ‘ಎಕ್ಸಾನರೇಟೆಡ್’ ಜೊತೆ ಎರಡೂ ರೂಢಿಯಲ್ಲಿವೆ. ವಿಂಡಿಕೇಟೆಡ್ ಆದಮೇಲೆ ಆರೋಪವನ್ನು ಹೆಸರಿಸದೆ, ಯಾವುದರಿಂದ ಸಾಬೀತಾಯಿತೆಂದು ‘ಬೈ’ ಹಾಕಿ ಹೇಳುವುದೇ ಚೆನ್ನ.

ಸರ್ಕಾರಿ ನೌಕರರ ವಿಷಯಕ್ಕೆ ಸ್ವಲ್ಪ ಹೆಚ್ಚು ಎಚ್ಚರ ಬೇಕು. 1957ರ ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳ ಅಡಿಯಲ್ಲಿ ವಿಚಾರಣೆ ನಡೆದು, ದೋಷಾರೋಪಣ ಪಟ್ಟಿಯಲ್ಲಿದ್ದ ಆರೋಪಗಳು ರುಜುವಾತಾಗದೆ ಶಿಸ್ತು ಪ್ರಾಧಿಕಾರ ಆದೇಶ ಹೊರಡಿಸಿದ್ದರೆ, ಅದಕ್ಕೆ ಒಪ್ಪುವ ಪದ ಎಕ್ಸಾನರೇಟೆಡ್. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹೊರೆ ಇಳಿಸುವುದು. ಕ್ರಿಮಿನಲ್ ನ್ಯಾಯಾಲಯ ವಿಚಾರಣೆ ಮುಗಿಸಿ ನಿರ್ದೋಷಿಯೆಂದು ಬಿಟ್ಟರೆ ಅಕ್ವಿಟೆಡ್, ದೋಷಾರೋಪ ಹೊರಿಸುವ ಮೊದಲೇ ಕೈಬಿಟ್ಟರೆ ಡಿಸ್‌ಚಾರ್ಜ್ಡ್. ಸಂಶಯದ ಲಾಭ ನೀಡಿ ಖುಲಾಸೆ ಮಾಡಿದ ತೀರ್ಪನ್ನು ಹಿಡಿದುಕೊಂಡು ‘ದಿ ಕೋರ್ಟ್ ವಿಂಡಿಕೇಟೆಡ್ ಮಿ’ ಎಂದು ಬರೆದರೆ, ಓದುವ ಅಧಿಕಾರಿ ತೀರ್ಪಿನ ಪ್ರತಿಯನ್ನು ತೆಗೆದು ನೋಡಿದಾಗ ಅರ್ಜಿಯ ಉಳಿದ ಮಾತುಗಳ ಮೇಲೂ ಅವರಿಗೆ ನಂಬಿಕೆ ಹೋಗುತ್ತದೆ. ಗೌರವಯುತ ಖುಲಾಸೆ (ಆನರಬಲ್ ಅಕ್ವಿಟಲ್) ಎಂಬ ಪದಪುಂಜ ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯಲ್ಲಾಗಲೀ ದಂಡ ಸಂಹಿತೆಯಲ್ಲಾಗಲೀ ಇಲ್ಲ, ಅದು ತೀರ್ಪುಗಳಿಂದ ಬಂದದ್ದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಹೀಗಿರುವಾಗ, ಆದೇಶದಲ್ಲಿರುವ ಪದವನ್ನೇ ಎತ್ತಿಕೊಂಡು ಬರೆಯುವುದು ಎಲ್ಲಕ್ಕಿಂತ ಸುರಕ್ಷಿತ.

ಹಕ್ಕುಗಳ ಸಂದರ್ಭದಲ್ಲಿ ಈ ಪದಕ್ಕೆ ಇನ್ನೊಂದು ಅರ್ಥವಿದೆ: ಎದುರಾದ ಅಡ್ಡಿಯನ್ನು ಮೀರಿ ಹಕ್ಕನ್ನು ಎತ್ತಿಹಿಡಿಯುವುದು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಪ್ರತಿಬಂಧಕಾಜ್ಞೆಯನ್ನು ಲೆಕ್ಕಿಸದೆ ಧ್ವಜ ಹಾರಿಸಿದವರ ಬಗ್ಗೆ ಬರೆಯುವಾಗ ‘ದೇ ಸಾಟ್ ಟು ವಿಂಡಿಕೇಟ್ ದೇರ್ ರೈಟ್’ ಎನ್ನಬಹುದು. ಇಲ್ಲಿ ಮಾತ್ರ ಕ್ರಿಯೆಯನ್ನು ಮಾಡುವವರು ಜನರೇ ಆಗಿರುತ್ತಾರೆ. ವಕೀಲರ ಬರವಣಿಗೆಯಲ್ಲಿ ಈ ಬಳಕೆ ಇಂದಿಗೂ ಉಳಿದಿದೆ.

‘ಐ ಫೀಲ್ ವಿಂಡಿಕೇಟೆಡ್’ ಎಂಬ ಮಾತನ್ನು ಎಲ್ಲಿ ಆಡಬೇಕೆಂಬ ವಿವೇಚನೆಯೂ ಮುಖ್ಯ. ಬಹುಕಾಲ ಅಪವಾದ ಹೊತ್ತವರು ಅದನ್ನು ಹೇಳಿದರೆ ಕೇಳುವವರಿಗೂ ಸಮಾಧಾನವೆನಿಸುತ್ತದೆ. ಕೆರೆಯ ಏರಿ ಒಡೆಯುತ್ತದೆ ಎಂದು ಎಚ್ಚರಿಸಿದ್ದವರು, ಅದು ಒಡೆದು ಊರಿನ ಗದ್ದೆಗಳು ಕೊಚ್ಚಿಹೋದ ಮರುದಿನ ಅದೇ ಮಾತನ್ನು ಬರೆದರೆ, ಪರರ ನಷ್ಟದಲ್ಲಿ ತಮ್ಮ ಗೆಲುವನ್ನು ಎಣಿಸಿದಂತಾಗುತ್ತದೆ. ಅಂಥ ಕಡೆ ‘ಅವರ್ ವಾರ್ನಿಂಗ್ ವಾಸ್ ಬೋರ್ನ್ ಔಟ್’ (ನಮ್ಮ ಎಚ್ಚರಿಕೆ ನಿಜವಾಯಿತು) ಎಂದು ಬರೆದರೆ ಸಂಗತಿಯೂ ತಿಳಿಯುತ್ತದೆ, ಮನಸ್ಸೂ ನೋಯುವುದಿಲ್ಲ.

ಉಚ್ಚಾರಣೆಯಲ್ಲಿ ಒತ್ತು ಮೊದಲ ಅಕ್ಷರವಾದ ‘ವಿನ್’ ಮೇಲೆ ಬೀಳುತ್ತದೆ. ನಾಮಪದವಾದ ವಿಂಡಿಕೇಶನ್‌ನಲ್ಲಿ ಅದು ‘ಕೇ’ ಮೇಲೆ ಸರಿಯುತ್ತದೆ. ‘ವಿಂಡಿಕ್ಟಿವ್’ ಇದೇ ಲ್ಯಾಟಿನ್ ಬೇರಿನ ಪದವಾದರೂ ಅದರ ಅರ್ಥ ಹಗೆ ಸಾಧಿಸುವ ಸ್ವಭಾವದವರು ಎಂದು. ನಿರ್ದೋಷಿಯೆಂದು ಸಾಬೀತಾದ ಸಹೋದ್ಯೋಗಿಗೆ ಅಭಿನಂದನೆ ಬರೆಯುವಾಗ ಈ ಎರಡರ ಕಾಗುಣಿತವನ್ನು ಇನ್ನೊಮ್ಮೆ ನೋಡಿ ಕಳುಹಿಸಿ.