ಪಂಚ್‌ಗೆ ಪಾಯಿಂಟ್ ಒತ್ತುವ ಮುಂಚೆ ನಾನು ನೋಡುವುದೇನು

ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಟೇಕ್ವಾಂಡೋ ಕಲಿಸುತ್ತೇನೆ. ಧಾರವಾಡ, ಗದಗ, ಹಾವೇರಿ ಕಡೆ ಪಂದ್ಯ ಇದ್ದಾಗ ಕಾರ್ನರ್ ಜಡ್ಜ್ ಆಗಿ ಕೂರುತ್ತೇನೆ. ಬೌಟ್ ಮುಗಿದ ಮೇಲೆ ತಾಯಂದಿರು ಬಂದು ಕೇಳುವುದು ಹೆಚ್ಚಾಗಿ ಇದನ್ನೇ: "ನಮ್ಮ ಹುಡುಗ ಅಷ್ಟ್ ಗುದ್ದಿದ್ನಲ್ರೀ ಸರ್, ಪಾಯಿಂಟ್ ಯಾಕ ಬರ್ಲಿಲ್ಲ?"

ನ್ಯಾಯವಾದ ಪ್ರಶ್ನೆ. ಚೆಸ್ಟ್ ಗಾರ್ಡ್ ಮೇಲೆ ಸರಿಯಾಗಿ ಬಿದ್ದ ಪಂಚ್‌ಗೆ 1 ಪಾಯಿಂಟ್, ಕಿಕ್‌ಗೆ 2. ಅದೇ ಕಿಕ್ ತಿರುಗಿ ಹೊಡೆದರೆ 4. ತಲೆಗೆ ನೇರ ಕಿಕ್ ಬಿದ್ದರೆ 3. ಮುಖಕ್ಕೆ ಗುದ್ದುವಂತಿಲ್ಲ. ಗುದ್ದಿದರೆ ಗಮ್‌ಜಮ್, ಅಂದರೆ ಎದುರಾಳಿಗೆ 1 ಪಾಯಿಂಟ್.

ಎಲೆಕ್ಟ್ರಾನಿಕ್ ಗಾರ್ಡ್ ಒಲಿಂಪಿಕ್ಸ್‌ಗೆ ಬಂದದ್ದು 2012ರಲ್ಲಿ, ಲಂಡನ್‌ನಲ್ಲಿ. ಸೆನ್ಸರ್ ಇರುವ ಸಾಕ್ಸ್ ತಾಗಿ, ಆ ತೂಕದ ವಿಭಾಗಕ್ಕೆ ಬೇಕಾದಷ್ಟು ಜೋರಾಗಿ ಬಿದ್ದರೆ ಕಿಕ್ಕಿನ ಪಾಯಿಂಟ್ ತಾನೇ ಏರುತ್ತದೆ. ಪಂಚ್ ಮಾತ್ರ ಇವತ್ತಿಗೂ ಮನುಷ್ಯರ ಕಣ್ಣಿಗೇ ಬಿಟ್ಟದ್ದು. ಮೂವರು ಜಡ್ಜ್ ಇದ್ದರೆ ಕನಿಷ್ಠ ಇಬ್ಬರು ಹೆಚ್ಚೂಕಡಿಮೆ ಒಟ್ಟಿಗೇ ಬಟನ್ ಒತ್ತಬೇಕು.

ನಾನು ಕೈಯನ್ನು ಹಿಂಬಾಲಿಸುವುದಿಲ್ಲ, ಅದು ತುಂಬಾ ವೇಗ. ಗಾರ್ಡ್ ಮೇಲೆ ಕಣ್ಣಿಟ್ಟಿರುತ್ತೇನೆ. ಮುಷ್ಟಿ ಬಿಗಿಯಾಗಿ, ನೇರವಾಗಿ ಬಂದು ಗೆಣ್ಣಿನ ಭಾಗವೇ ತಾಗಿತಾ? ಹೊಡೆಸಿಕೊಂಡವನ ಮೈ ಅಲುಗಿತಾ? ಎರಡಕ್ಕೂ ಹೌದು ಅನಿಸಿದರೆ ಮಾತ್ರ ಒತ್ತುತ್ತೇನೆ. ಇಬ್ಬರೂ ಎದೆಗೆ ಎದೆ ತಾಗಿಸಿ ನಿಂತು ಪಕ್ಕದಿಂದ ಪಟಪಟ ಬಡಿಯುತ್ತಿದ್ದರೆ ಸದ್ದು ಜಾಸ್ತಿ, ಪಾಯಿಂಟ್ ಇಲ್ಲ. ತಾಯಿ ಎಣಿಸಿದ ಗುದ್ದುಗಳು ಬಹುಪಾಲು ಇಂಥವೇ.

ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳ ತಲೆಗೆ ಹೋಗುವುದಿಲ್ಲ. ಅದಕ್ಕೇ ಕ್ಲಾಸಿನಲ್ಲಿ ಅವರನ್ನೇ ಜಡ್ಜ್ ಮಾಡುತ್ತೇನೆ. ಇಬ್ಬರು ಆಡುತ್ತಾರೆ, ಮೂವರು ಮೂರು ಮೂಲೆಯಲ್ಲಿ ಕೂರುತ್ತಾರೆ. ಪಂಚ್ ಕಂಡರೆ ಕೈ ಎತ್ತಬೇಕು, ಎರಡು ಕೈ ಎದ್ದರೆ ಪಾಯಿಂಟ್. ಒಬ್ಬಳು ಹುಡುಗಿ ಕೂತಲ್ಲೇ ಕೂಗಿದಳು: "ಸರ್, ಅವನ ಬೆನ್ನಷ್ಟೇ ಕಾಣತೈತ್ರಿ!" ಅದೇ ಬೇಕಾಗಿದ್ದದ್ದು. ಒಂದು ಜಡ್ಜ್‌ಗೆ ಬೆನ್ನು ಅಡ್ಡ ಬಂದರೆ ಉಳಿದ ಇಬ್ಬರಿಗೂ ಕಾಣಲೇಬೇಕು. ತಾನೇ ಮೂಲೆಯಲ್ಲಿ ಕೂತು ನೋಡಿದ ಮಗು ಮುಂದೆ ಆಡುವಾಗ ಒಂದು ಗೇಣು ಜಾಗ ಬಿಡಿಸಿಕೊಂಡು, ಹಿಂದಿನ ಕಾಲು ಊರಿ, ಒಂದೇ ಪಂಚ್ ಕೊಡುತ್ತದೆ.

ಹತ್ತು ಗುದ್ದಿಗಿಂತ ಅದೊಂದನ್ನೇ ನಾನು ಮೆಚ್ಚುತ್ತೇನೆ. ಜಡ್ಜ್ ಒತ್ತಲಿ ಬಿಡಲಿ, ಪೆಟ್ಟು ತಿಂದವನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನಲ್ವಾ, ಕಿಕ್ಕಿಗೆ ಬೇಕಾದ ದೂರ ಅಲ್ಲೇ ಸಿಕ್ಕಿರುತ್ತದೆ. ಹಾಗಾಗಿ ನಮ್ಮಲ್ಲಿ ಪಂಚ್ ಅನ್ನು ಬರೀ ಪಂಚ್ ಆಗಿ ಅಭ್ಯಾಸ ಮಾಡಿಸುವುದಿಲ್ಲ, ಅದರ ಹಿಂದೆಯೇ ಗಾರ್ಡಿಗೊಂದು ಕಿಕ್ ಇರಲೇಬೇಕು.