ಅಡಿಕೆ ಹಾಳೆಯ ಬಂಡಿ ನಿಂತಾಗ: ಆಟಿಸಂ ಇರುವ ಪುಟ್ಟ ಮಕ್ಕಳೊಂದಿಗೆ ನನ್ನ ಅನುಭವ

ನಾನು ಉಡುಪಿಯಲ್ಲಿ ವಿಶೇಷ ಶಿಕ್ಷಕಿ. ಎರಡೂವರೆಯಿಂದ ಆರು ವರ್ಷದವರೆಗಿನ, ಆಟಿಸಂ (ಮಾತು, ಇತರರೊಂದಿಗಿನ ಒಡನಾಟ, ಇಂದ್ರಿಯಗಳ ಅನುಭವ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇದೆ ಎಂದು ಗುರುತಿಸಲಾದ ಮಕ್ಕಳು ನನ್ನ ಬಳಿಗೆ ಬರುತ್ತಾರೆ. ಅವರನ್ನು ಕರೆತರುವ ತಂದೆತಾಯಿ ಮೊದಲ ವಾರದಲ್ಲೇ ಕೇಳುವುದು, ಮನೆಯಲ್ಲಿ ಆಡಿಸಬಹುದಾದ ಆಟಗಳ ಒಂದು ಪಟ್ಟಿ ಬರೆದುಕೊಡಿ ಎಂದು. ಆ ಪಟ್ಟಿ ಕೊಡುವುದಕ್ಕೆ ಮುಂಚೆ ಒಮ್ಮೆ ನನ್ನ ಪಕ್ಕದಲ್ಲಿ ಕುಳಿತು ನೋಡಿ ಎಂದು ನಾನು ಅವರನ್ನು ಒತ್ತಾಯಿಸುತ್ತೇನೆ. ಏಕೆಂದರೆ ಒಂದೇ ಆಟ ಒಬ್ಬರ ಕೈಯಲ್ಲಿ ಬರಿಯ ಹೊತ್ತು ಕಳೆಯುವ ಸಾಧನವಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಮಗುವಿನ ಮೊದಲ ಮಾತಿಗೆ ಕಾರಣವಾಗುತ್ತದೆ. ಆಟವನ್ನು ಯಾವಾಗ ನಿಲ್ಲಿಸುತ್ತೇವೆ, ನಿಲ್ಲಿಸಿದ ಮೇಲೆ ಎಷ್ಟು ಹೊತ್ತು ಸುಮ್ಮನಿರುತ್ತೇವೆ ಎಂಬುದರಲ್ಲಿಯೇ ಈ ವ್ಯತ್ಯಾಸವಿದೆ ಎಂದು ನಾನು ನಿಧಾನವಾಗಿ ಕಲಿತೆ.

ಮೊದಲ ಎರಡು ವರ್ಷ ನಾನು ಅದನ್ನು ತಿಳಿದಿರಲಿಲ್ಲ. ಮಗು ಕೈಗೆ ಏನನ್ನಾದರೂ ಎತ್ತಿಕೊಂಡರೆ ಸಾಕು, ಇದು ಯಾವ ಬಣ್ಣ, ಇದರ ಹೆಸರೇನು, ಎಷ್ಟಿವೆ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಕೇಳುತ್ತಿದ್ದೆ. ಮುಖ ತಿರುಗಿಸಿದ ಮಗುವಿನ ಗಲ್ಲ ಹಿಡಿದು ನನ್ನತ್ತ ತಿರುಗಿಸಿಕೊಂಡದ್ದೂ ಉಂಟು. ದೃಷ್ಟಿ ಸೇರಿಸುವುದೇ ಹಿಂಸೆಯಾಗಿತ್ತು ಎಂದು ಆಟಿಸಂ ಇರುವ ಅನೇಕ ವಯಸ್ಕರು ಹೇಳಿಕೊಂಡದ್ದನ್ನು ಓದಿದ ಮೇಲೆ ಅದನ್ನು ಸಂಪೂರ್ಣವಾಗಿ ಬಿಟ್ಟೆ. ನನ್ನದೇ ಒಂದು ಪಾಠವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದಾಗ, ಮಗು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ನಾನೇ ಮಾತಾಡುತ್ತಿದ್ದೆ. ಆ ಮಗುವಿನ ಎಷ್ಟೋ ತಿಂಗಳುಗಳನ್ನು ನಾನು ಹಾಳುಮಾಡಿದೆನೆಂದು ನೆನೆದು ಅಂದು ಬಹಳ ನೊಂದೆ.

ಹಾಳೆಯ ಆಟ ನನ್ನ ಬಳಿಗೆ ಬಂದದ್ದು ಮೂರು ವರ್ಷ ತುಂಬಿದ ಒಬ್ಬ ಹುಡುಗನಿಂದ. ಅವನು ಮಾತಾಡುತ್ತಿರಲಿಲ್ಲ, ಕೋಣೆಯ ಅಂಚಿನಲ್ಲಿ ಗೋಡೆಗೆ ಭುಜ ಉಜ್ಜಿಕೊಂಡು ಓಡುವುದೊಂದೇ ಅವನಿಗೆ ಪ್ರಿಯವಾಗಿತ್ತು. ದೇಹದ ಮೇಲೆ ಬೀಳುವ ಒತ್ತಡ ಮತ್ತು ಚಲನೆಯನ್ನು ಅವನು ಹುಡುಕುತ್ತಿದ್ದಾನೆ ಎಂದು ನಮ್ಮ ಆಕ್ಯುಪೇಶನಲ್ ಥೆರಪಿಸ್ಟ್ (ದಿನನಿತ್ಯದ ಚಟುವಟಿಕೆಗಳಿಗೆ ಮಕ್ಕಳನ್ನು ಸಜ್ಜುಗೊಳಿಸುವ ಚಿಕಿತ್ಸಕರು) ಹೇಳಿದಾಗ, ನಾವು ಚಿಕ್ಕವರಿದ್ದಾಗ ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ (ಸೋಗೆಯ ಬುಡದ ಅಗಲವಾದ ಹೊದಿಕೆಯ) ಮೇಲೆ ಒಬ್ಬರನ್ನೊಬ್ಬರು ಕೂರಿಸಿ ಎಳೆಯುತ್ತಿದ್ದುದು ನೆನಪಾಯಿತು. ಅಗಲವಾದ ಹಾಳೆಯ ಮೇಲೆ ಮಗುವನ್ನು ಕೂರಿಸಿ, ಸೋಗೆಯ ಕಡೆಯನ್ನು ಹಿಡಿದು ಎಳೆದರೆ ಅದೇ ಒಂದು ಬಂಡಿ. ಒಣಗಿ ಬಿರುಕುಬಿಟ್ಟ ಹಾಳೆಯ ಅಂಚು ತೊಡೆಗೆ ತರಚುತ್ತದೆ. ಆದ್ದರಿಂದ ಹಾಳೆಯನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಂಡು, ಅಂಚಿಗೆ ಹಳೆಯ ಬಟ್ಟೆ ಸುತ್ತಿದೆ. ಅಂಗಳ ಸಮತಟ್ಟಾಗಿರಬೇಕು. ಎಳೆಯುವವರು ಓಡಬಾರದು.

ಮೊದಲ ದಿನ ಅವನನ್ನು ಕೂರಿಸಿ, ಅಂಗಳದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮೂರು ಸಲ ಏನನ್ನೂ ಕೇಳದೆ ಎಳೆದೆ. ಹೊರಡುವಾಗ ಪ್ರತಿ ಸಲವೂ ಒಂದೇ ದನಿಯಲ್ಲಿ ‘ಪೋಯಿ’ ಎಂದೆ, ನಿಲ್ಲುವಾಗ ‘ಉಂತು’ ಎಂದೆ. ಅವನ ಮನೆಯ ಮಾತು ತುಳು; ಅದರಲ್ಲಿ ‘ಪೋಯಿ’ ಎಂದರೆ ಹೋಗೋಣ, ‘ಉಂತು’ ಎಂದರೆ ನಿಲ್ಲು. ನಾಲ್ಕನೆಯ ಸಲ ಅರ್ಧ ದಾರಿಯಲ್ಲಿ ನಿಂತೆ. ಹಿಂತಿರುಗಿ ಅವನತ್ತ ಮುಖ ಮಾಡಿ, ಸೋಗೆಯನ್ನು ಕೈಯಲ್ಲೇ ಹಿಡಿದುಕೊಂಡು ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಿದೆ. ಮಾತು ಬಾರದ ಮಗುವಿನ ಎದುರು ಹತ್ತು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೆ ಗೊತ್ತು. ಏಳಕ್ಕೋ ಎಂಟಕ್ಕೋ ಬರುವಷ್ಟರಲ್ಲಿ ಅವನು ಸೊಂಟವನ್ನು ಮುಂದಕ್ಕೆ ಜಗ್ಗಿದ. ಆ ಜಗ್ಗುವಿಕೆಯನ್ನೇ ಮಾತು ಎಂದು ಒಪ್ಪಿಕೊಂಡು, ಕೂಡಲೇ ‘ಪೋಯಿ’ ಎಂದು ಎಳೆದೆ. ಆ ವಾರವೆಲ್ಲ ಜಗ್ಗುವಿಕೆಯೇ ಅವನ ಕೋರಿಕೆ. ಮುಂದಿನ ವಾರ ಜಗ್ಗಿದ ಬಳಿಕ ನನ್ನ ಕೈಯನ್ನು ನೋಡಿದ, ಆಮೇಲೆ ಮುಖವನ್ನು ನೋಡಿದ. ಕೇಳದೆಯೇ ಬಂದ ನೋಟ ಅದು. ಒಂದೇ ಸಂಗತಿಯತ್ತ ಇಬ್ಬರ ಗಮನವೂ ಇದೆ ಎಂಬ ಅರಿವು ಮಾತಿಗಿಂತ ಮೊದಲು ಮೂಡಬೇಕು. ಆಟಿಸಂ ಇರುವ ಮಕ್ಕಳಲ್ಲಿ ಅದು ತಡವಾಗಿ ಬರುವುದರಿಂದ, ನನ್ನ ಪಾಲಿಗೆ ಆ ನೋಟ ಹತ್ತು ಬಣ್ಣಗಳ ಹೆಸರಿಗಿಂತ ದೊಡ್ಡದು.

ಸುಮಾರು ಎರಡು ತಿಂಗಳ ನಂತರ ಹಾಳೆ ನಿಂತಾಗ ಅವನು ‘ನನ’ ಎಂದ. ನಾನು ಕುಂದಾಪುರದ ಕಡೆಯವಳು, ತುಳು ನನಗೆ ಕಲಿತ ಭಾಷೆ. ಹಾಳೆ ತನ್ನದು ಎಂದು ಹೇಳುತ್ತಿದ್ದಾನೆ ಎಂದುಕೊಂಡು ಸೋಗೆಯನ್ನು ಅವನ ಕೈಗೇ ಕೊಟ್ಟೆ. ಅವನು ಅದನ್ನು ನನ್ನ ಕೈಗೆ ತಳ್ಳಿ, ಮತ್ತೆ ‘ನನ’ ಎಂದು ಅಳತೊಡಗಿದ. ಜಗಲಿಯಲ್ಲಿ ಕುಳಿತಿದ್ದ ಅವನ ಅಜ್ಜಿ, “ಅವ ನನ್ನದು ಅಂತ ಹೇಳುದಲ್ಲ ಟೀಚರ್, ನನ ಅಂದ್ರೆ ಇನ್ನೂ ಬೇಕು ಅಂತ, ಎಳೀರಿ,” ಎಂದರು. ಎಳೆದೆ. ಎಳೆಯುತ್ತಾ ನನ್ನ ಕಣ್ಣು ತುಂಬಿತ್ತು, ಅಜ್ಜಿಯ ಕಣ್ಣೂ ತುಂಬಿತ್ತು.

ಈ ಪ್ರಸಂಗದಿಂದಾಗಿ ಮನೆಭಾಷೆಯ ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ನಮ್ಮ ಕಡೆ ಒಂದೇ ಓಣಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಇವೆ. ಮಗುವಿಗೆ ಗೊಂದಲವಾಗುತ್ತದೆಂದು ಹೆದರಿ, ತಮಗೇ ಸರಿಯಾಗಿ ಬಾರದ ಇಂಗ್ಲಿಷಿನಲ್ಲಿ ಮಾತ್ರ ಮಗುವಿನೊಂದಿಗೆ ಮಾತಾಡುವ ತಾಯಂದಿರನ್ನು ನಾನು ಕಂಡಿದ್ದೇನೆ. ಎರಡು ಭಾಷೆ ಕೇಳಿಸಿಕೊಳ್ಳುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದುಳಿಯುತ್ತದೆ ಎಂಬುದನ್ನು ಈವರೆಗಿನ ಸಂಶೋಧನೆಗಳು ಸಮರ್ಥಿಸಿಲ್ಲ. ಅಜ್ಜಿಗೆ ಯಾವ ಭಾಷೆಯಲ್ಲಿ ಮುದ್ದು ಮಾಡಲು ಬರುತ್ತದೆಯೋ ಅದೇ ಭಾಷೆಯಲ್ಲಿ ಆಟ ನಡೆಯಲಿ.

ಇನ್ನೊಬ್ಬ ಹುಡುಗನಿಗೆ ಐದು ವರ್ಷ. ಅವನಿಗೆ ಮಾತು ಧಾರಾಳವಾಗಿ ಇತ್ತು, ಆದರೆ ಅದೆಲ್ಲವೂ ಬಸ್ಸಿನ ಕಂಡಕ್ಟರನ ಮಾತು. ದಿನವಿಡೀ “ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಮೂಲ್ಕಿ, ಸುರತ್ಕಲ್” ಎಂದು ಅದೇ ಏರಿಳಿತದಲ್ಲಿ ಕೂಗುತ್ತಿದ್ದ. ಅದನ್ನು ಬಿಡಿಸಬೇಕು ಎಂಬುದು ಮನೆಯವರ ಬೇಡಿಕೆಯಾಗಿತ್ತು. ಕೇಳಿದ ಮಾತನ್ನು ಹಾಗೆಯೇ ಮರಳಿ ಹೇಳುವುದು ಆಟಿಸಂ ಇರುವ ಮಕ್ಕಳಲ್ಲಿ ಸಾಮಾನ್ಯ, ಅನೇಕರಿಗೆ ಅದು ಸ್ವಂತ ಮಾತಿಗೆ ಏರುವ ಮೆಟ್ಟಿಲೂ ಹೌದು ಎಂದು ಅವರಿಗೆ ತಿಳಿಸಿ, ಬಿಡಿಸುವ ಬದಲು ನಾನೇ ಆ ಬಸ್ಸು ಹತ್ತಿದೆ. ಆರು ಕುರ್ಚಿಗಳನ್ನು ಎರಡು ಸಾಲಾಗಿ ಇಟ್ಟು, ಉಡುಪಿಯಿಂದ ಮಂಗಳೂರಿನವರೆಗಿನ ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರದ ಕಾರ್ಡು ಮಾಡಿ ಗೋಡೆಗೆ ಅಂಟಿಸಿದೆವು. ಕಾಪುವಿಗೆ ದೀಪಸ್ತಂಭ, ಪಣಂಬೂರಿಗೆ ಹಡಗು. ಅವನ ಕೊರಳಿಗೆ ಸೀಟಿ, ಹೆಗಲಿಗೆ ಚಿಲ್ಲರೆ ಚೀಲ. ಅವನು ಕೂಗುತ್ತಿದ್ದಂತೆ ನಾನೂ ಕೂಗಿದೆ. ಕೆಲವು ದಿನಗಳ ಮೇಲೆ “ಕಟಪಾಡಿ, ಕಾಪು” ಎಂದು ಹೇಳಿ ಸುಮ್ಮನಾದೆ. ಅವನು ನನ್ನನ್ನು ಗಾಬರಿಯಿಂದ ನೋಡಿ ‘ಉಚ್ಚಿಲ’ ಎಂದು ತುಂಬಿಸಿದ. ನಂತರ ಪ್ರಯಾಣಿಕಳಾಗಿ ಕುಳಿತು ಐದು ರೂಪಾಯಿಯ ನಾಣ್ಯ ನೀಡಿ, ಎಲ್ಲಿಗೆಂದು ಹೇಳದೆ ಕಾದೆ. ಹಲವು ದಿನ ಅವನು ನಾಣ್ಯ ತೆಗೆದುಕೊಂಡು ಮುಂದೆ ಹೋದ. ಒಂದು ಬೆಳಿಗ್ಗೆ ನಿಂತು, ಚೀಟಿ ಹರಿಯದೆ, “ಎಲ್ಲಿಗೆ?” ಎಂದ. ಇನ್ನೊಬ್ಬರ ಮನಸ್ಸಿನಲ್ಲಿ ತನಗೆ ಗೊತ್ತಿಲ್ಲದ ಏನೋ ಇದೆ ಎಂದು ಅವನು ಕೇಳಿದ ಮೊದಲ ಪ್ರಶ್ನೆ ಅದು. ಈಗ ಅದೇ ಬಸ್ಸಿನಲ್ಲಿ ಇನ್ನಿಬ್ಬರು ಮಕ್ಕಳೂ ಹತ್ತುತ್ತಾರೆ. ಚಿಲ್ಲರೆ ಎಣಿಸುವುದು, ಸರದಿ ಕಾಯುವುದು ಎಲ್ಲವೂ ಅದರೊಳಗೇ ನಡೆಯುತ್ತದೆ.

ಸರದಿಯನ್ನು ಕಲಿಸಲು ಚೆನ್ನೆಮಣೆಯೂ (ಗುಳಿಗಳಿರುವ ಮಣೆಯಲ್ಲಿ ಕಾಯಿ ಹಾಕುತ್ತಾ ಹೋಗುವ ಆಟ) ಒಳ್ಳೆಯದು, ಆದರೆ ಎಚ್ಚರ ಬೇಕು. ಅದರಲ್ಲಿ ಬಳಸುವ ಮಂಜೊಟ್ಟಿ ಕಾಯಿಯ ಕೆಂಪು ಹೊಳಪಿಗೆ ಮಕ್ಕಳು ಮನಸೋಲುತ್ತಾರೆ. ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ಮಗುವಿನ ಗಂಟಲಿಗೆ ಅದು ಸಿಕ್ಕಿಕೊಳ್ಳಬಲ್ಲದು. ಸುಮಾರು 3 ಸೆಂಟಿಮೀಟರಿಗಿಂತ ಚಿಕ್ಕದಾದ ಏನನ್ನೂ ಅಂತಹ ಮಗುವಿನ ಬಳಿ ಇಡಬಾರದು. ನಾನು ತೆಂಗಿನ ಗೆರಟೆಗಳನ್ನು ಸಾಲಾಗಿ ಇಟ್ಟು, ಬಟ್ಟೆಯಲ್ಲಿ ಹೊಲಿದ ನಿಂಬೆಹಣ್ಣಿನ ಗಾತ್ರದ ಉಂಡೆಗಳನ್ನು ಒಂದೊಂದಾಗಿ ಹಾಕಿಸುತ್ತೇನೆ. ಕುಚ್ಚಲಕ್ಕಿ ತುಂಬಿದ ಪಾತ್ರೆಯಲ್ಲಿ ಚಮಚ ಹುಡುಕುವ ಆಟವೂ ಇದೆ. ಅದನ್ನು ಎಲ್ಲರೂ ಬಲ್ಲರು.

ಸದ್ದಿನ ವಿಷಯ ಬೇರೆ. ನಾಲ್ಕು ವರ್ಷದ ಒಬ್ಬಳಿಗೆ ಹುಲಿವೇಷದ ತಾಸೆ ಎಂಬ ಚರ್ಮವಾದ್ಯದ ಸದ್ದು ದೂರದಲ್ಲಿ ಕೇಳಿದರೂ ಸಾಕು, ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುತ್ತಿದ್ದಳು. ಅಷ್ಟಮಿಯ ದಿನಗಳಲ್ಲಿ ಉಡುಪಿಯಲ್ಲಿದ್ದುಕೊಂಡು ಆ ಸದ್ದನ್ನು ತಪ್ಪಿಸಿಕೊಳ್ಳಲಾಗದು. ಆರು ವಾರ ಮೊದಲೇ ಸ್ಟೀಲಿನ ತಟ್ಟೆಯ ಮೇಲೆ ಬೆರಳಿನಿಂದ ತಾಸೆಯ ಲಯವನ್ನು ಮೆಲ್ಲಗೆ ಬಡಿಯುತ್ತಾ ಆರಂಭಿಸಿದೆವು. ಸದ್ದನ್ನು ನಿಲ್ಲಿಸುವ ಅಧಿಕಾರ ಅವಳದು: ಅಂಗೈ ತೋರಿಸಿದರೆ ನಾನು ನಿಲ್ಲಬೇಕು. ನೂರಾರು ಸಲ ನಿಂತಿದ್ದೇನೆ. ನಿಲ್ಲುತ್ತದೆ ಎಂದು ನಂಬಿಕೆ ಬಂದ ಮೇಲೆ ಅವಳೇ ಚಮಚ ತೆಗೆದುಕೊಂಡು ಬಡಿದಳು. ನಂತರ ಮೊಬೈಲಿನಲ್ಲಿ ಸಣ್ಣ ದನಿಯಲ್ಲಿ ನಿಜವಾದ ತಾಸೆ. ಬಣ್ಣ ಬಳಿದುಕೊಳ್ಳುವ ವೇಷಧಾರಿಯ ಚಿತ್ರ, ಕುಣಿತದ ಚಿತ್ರ, ಮನೆಗೆ ಹಿಂದಿರುಗುವ ಚಿತ್ರ ಎಂದು ಮೂರು ಕಾರ್ಡುಗಳ ಒಂದು ಸಾಲು. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಉತ್ಸವದಂದು ಕಿವಿಗೆ ಇಯರ್‌ಮಫ್ ಹಾಕಿಕೊಂಡು, ರಥಬೀದಿಯ ಗದ್ದಲಕ್ಕೆ ಹೋಗದೆ, ಮನೆಯ ಗೇಟಿನೊಳಗಿಂದ ಒಂದು ತಂಡವನ್ನು ಐದು ನಿಮಿಷ ನೋಡಿದಳು. ಅಂಗೈ ತೋರಿಸಿದಾಗ ತಂದೆ ಒಂದು ಮಾತೂ ಆಡದೆ ಎತ್ತಿಕೊಂಡು ಒಳಗೆ ಹೋದರು. ಇನ್ನೂ ಸ್ವಲ್ಪ ನೋಡು ಮಗಳೇ ಎಂದು ಅವರು ಹೇಳಿಬಿಟ್ಟಿದ್ದರೆ ಆರು ವಾರದ ನಂಬಿಕೆ ಅಲ್ಲಿಗೇ ಮುರಿಯುತ್ತಿತ್ತು.

ಮಾತು ಬರಲಿಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಬೆರಳು ತೋರಿಸುವುದಿಲ್ಲ ಎಂದು ಕಂಡಾಗ, ಗಂಡುಮಕ್ಕಳು ಮಾತಾಡುವುದು ತಡ ಎಂಬ ಸಮಾಧಾನವನ್ನು ನಂಬಿ ಕೂರಬಾರದೆಂದು ಹೆತ್ತವರಲ್ಲಿ ಬೇಡಿಕೊಳ್ಳುತ್ತೇನೆ. ಆಟಿಸಂನ ಸುಳಿವು ಗುರುತಿಸಲು 16ರಿಂದ 30 ತಿಂಗಳ ಮಕ್ಕಳಿಗಾಗಿಯೇ ಇರುವ ಸರಳ ಪ್ರಶ್ನಾವಳಿಯನ್ನು ಮಕ್ಕಳ ವೈದ್ಯರು ಬಲ್ಲರು; 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿಯೂ ಬೆಳವಣಿಗೆಯ ತೊಂದರೆಗಳ ತಪಾಸಣೆ ನಡೆಯುತ್ತದೆ. ಆಟಿಸಂ ಎಂದು ಖಚಿತವಾಗುವವರೆಗೆ ಆಟಕ್ಕಾಗಿ ಕಾಯಬೇಕಾದ ಅಗತ್ಯವಿಲ್ಲ. ಒಂದು ಸಲಕ್ಕೆ ಹತ್ತು ನಿಮಿಷ, ದಿನಕ್ಕೆ ಮೂರು ಸಲ, ಸ್ನಾನದಲ್ಲೋ ತೊಟ್ಟಿಲಿನಲ್ಲೋ ಮಗುವಿಗೆ ಆಗಲೇ ಇಷ್ಟವಾಗಿರುವ ಏನನ್ನಾದರೂ ನಡುವೆ ನಿಲ್ಲಿಸಿ ಕಾದರೆ ಆರಂಭವಾದಂತೆಯೇ.

ನಮ್ಮ ಅಂಗಳದ ಆಟಕ್ಕೆ ಹಾಳೆ ಕೊಡುವವರು ಪಕ್ಕದ ತೋಟದವರು. ಮಳೆಗಾಲದಲ್ಲಿ ಹಾಳೆಗೆ ಬೂಷ್ಟು ಹಿಡಿಯುವುದರಿಂದ ಮೇ ತಿಂಗಳಲ್ಲೇ ಅಗಲವಾದವುಗಳನ್ನು ಆರಿಸಿ ಅಟ್ಟಕ್ಕೆ ಏರಿಸುತ್ತೇವೆ. ಈ ವರ್ಷ ಹಾಳೆ ಆರಿಸಲು ‘ನನ’ ಎಂದ ಹುಡುಗನೂ ಬಂದಿದ್ದ. ಒಂದೊಂದರ ಮೇಲೂ ಕುಳಿತು ನೋಡಿ, ಹನ್ನೊಂದನ್ನು ಬದಿಗಿರಿಸಿದ.